ಗೈರುಹಾಜರಿ: ಸೊನ್ನೆ

ಮಾರ್ಚ್ 3

ಅತ್ತೆ,

ಫೋನಿನಲ್ಲಿ ನಾನು ಕೂಗುವುದು, ನೀವು "ಏನಂದೆ?" ಅನ್ನುವುದು, ಪಕ್ಕದ ಟೇಬಲಿನವರು ತಿರುಗಿ ನೋಡುವುದು, ಇಷ್ಟೇ ಆಗುತ್ತಿದೆ. ಅದಕ್ಕೇ ಕಾಗದ. ಗಾರ್ಮೆಂಟ್ಸಿನ ಮೂವತ್ತು ವರ್ಷದ ಸದ್ದು ನಿಮ್ಮ ಕಿವಿಯನ್ನು ತಿಂದರೂ ಕಣ್ಣನ್ನಾದರೂ ಬಿಟ್ಟಿದೆಯಲ್ಲ.

ವಿಷಯ ಇಷ್ಟು. ನಾನಿರುವ ಪ್ರಯೋಗಾಲಯದಲ್ಲಿ ಈಗ ನನ್ನದೇ ಕಾಯಿಲೆಯ ಮೇಲೆ ಸಂಶೋಧನೆ ನಡೆಯುತ್ತಿದೆ. ಎಂಡೊಮೆಟ್ರಿಯೋಸಿಸ್. ನನಗೆ ಹದಿನೇಳಾಗಿದ್ದಾಗ ಡಾಕ್ಟರು ಆ ಹೆಸರನ್ನು ಮೂರು ಸಲ ಹೇಳಿದ್ದರು, ನೀವೂ ಅಲ್ಲೇ ಇದ್ದಿರಿ. ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದು ಹೊರಗೆಲ್ಲೋ ಬೆಳೆದು, ತಿಂಗಳು ತಿಂಗಳೂ ಅಲ್ಲೇ ಊದಿ, ಅಲ್ಲೇ ರಕ್ತ ಸುರಿಸಿ, ಒಂದಕ್ಕೊಂದು ಅಂಟಿಕೊಂಡು ಜೀವ ಹಿಂಡುವ ಕಾಯಿಲೆ. ಯಾಕೆ ಬರುತ್ತದೆ ಅಂತ ಇವತ್ತಿಗೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಒಂದೇ ಮನೆಯ ಹಲವರ ಡಿಎನ್‌ಎ ತೆಗೆದು, ನೋವಿರುವವರಲ್ಲಿ ಇದ್ದು ನೋವಿಲ್ಲದವರಲ್ಲಿ ಇಲ್ಲದ್ದು ಏನು ಅಂತ ಹುಡುಕುತ್ತಿದ್ದೇವೆ. ಅರವತ್ತು ಮನೆಗಳು ಸೇರಿವೆ. ನಮ್ಮದು ಅರವತ್ತೊಂದನೆಯದು. ನಮ್ಮ ಮನೆಯ ಕೊಳವೆಗಳನ್ನು ನಾನು ಮುಟ್ಟುವಂತಿಲ್ಲ, ಅದು ನಿಯಮ. ಪ್ರಯೋಗಾಲಯ ನಡೆಸುವ ಮೇಡಂ ನೋಡಿಕೊಳ್ಳುತ್ತಾರೆ.

ಪೊಟ್ಟಣದಲ್ಲಿ ಎರಡು ಕೊಳವೆ, ಎರಡು ಫಾರಂ ಇವೆ. ಒಂದೊಂದು ಅಪ್ಪನ ತಂಗಿಯಾದ ನಿಮಗೆ, ಇನ್ನೊಂದೊಂದು ಕೆಳಗಿನ ಮನೆಯಲ್ಲಿ ಅಮ್ಮನಿಗೆ ಕೊಟ್ಟುಬಿಡಿ. ಗೆರೆ ಮುಟ್ಟುವವರೆಗೆ ಉಗುಳಬೇಕು, ಮುಚ್ಚಳ ಬಿಗಿ ಮಾಡಬೇಕು, ಫಾರಂ ತುಂಬಬೇಕು.

ಪ್ರತಿ ಮನೆಗೂ ಒಂದು ನಕ್ಷೆ ಬರೆಯುತ್ತೇವೆ. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು. ಕಾಯಿಲೆ ಇದ್ದವರ ದುಂಡಿಗೆ ಕಪ್ಪು ತುಂಬುತ್ತೇವೆ. ನಮ್ಮ ಮನೆಯ ನಕ್ಷೆಯಲ್ಲಿ ಸದ್ಯಕ್ಕೆ ಕಪ್ಪು ನಾನೊಬ್ಬಳೇ.

ನಿಮ್ಮ ಸೊಸೆ


ಮಾರ್ಚ್ 19

ಕೂಸೇ,

ಉಗುಳನ್ನು ಅಂಚೆಯಲ್ಲಿ ಕಳಿಸಿ ಅಂತ ಬರೆದ ಸೋದರಸೊಸೆ ಈ ಲೋಕದಲ್ಲಿ ನೀನೊಬ್ಬಳೇ ಇರಬೇಕು. ಕೊಳವೆ ಹಿಡಿದು ಕೂತರೆ ಬಾಯಿ ಮರುಭೂಮಿ. ನಿಂಬೆಹಣ್ಣು ನೆನೆಸಿಕೊಂಡೆ, ಆಗಲಿಲ್ಲ. ನಮ್ಮ ಹಳೇ ಸೂಪರ್‌ವೈಸರನ್ನು ನೆನೆಸಿಕೊಂಡೆ, ಒಂದೇ ಏಟಿಗೆ ತುಂಬಿತು.

ಫಾರಂ ತುಂಬಿದ್ದೇನೆ. "ತಿಂಗಳ ನೋವಿನಿಂದ ಕೆಲಸಕ್ಕೆ ಹೋಗಲಾಗದ ದಿನಗಳು ವರ್ಷಕ್ಕೆ ಎಷ್ಟು?" ಅಂತ ಒಂದು ಪ್ರಶ್ನೆ. ಸೊನ್ನೆ ಅಂತ ದಪ್ಪಗೆ ಬರೆದೆ. ಸೊನ್ನೆಯಾದರೆ ಮುಂದಿನ ಪುಟ ಬಿಟ್ಟು ಹನ್ನೆರಡನೇ ಪ್ರಶ್ನೆಗೆ ಹೋಗಿ ಅಂತಿತ್ತು. ಹೋದೆ. ನಿಮ್ಮ ಮೇಡಂಗೆ ಸಂಶಯ ಬಂದರೆ ನನ್ನ ಗೋಡೆಯ ಗಡಿಯಾರ ಬಂದು ನೋಡಲಿ. ಕೆಲಸ ಬಿಡುವ ದಿನ ಕಂಪನಿಯವರು ಕೊಟ್ಟದ್ದು, "ಮೂವತ್ತು ವರ್ಷ, ಗೈರುಹಾಜರಿ ಸೊನ್ನೆ" ಅಂತ ಹಿತ್ತಾಳೆಯಲ್ಲಿ ಕೆತ್ತಿಸಿದ್ದಾರೆ. ಇಸ್ತ್ರಿ ವಿಭಾಗದಲ್ಲಿ ಅಷ್ಟು ವರ್ಷ ನಿಂತವಳು ಇನ್ನೊಬ್ಬಳಿಲ್ಲ. ಈಗಲೂ ಬೀದಿಯಲ್ಲಿ ಹಳಬರು ಸಿಕ್ಕರೆ "ಇಸ್ತ್ರಿ ಅಕ್ಕ, ನೀನು ಕಬ್ಬಿಣ ಕಣೇ" ಅನ್ನುತ್ತಾರೆ.

"ಫಲಿತಾಂಶ ತಿಳಿಯಲು ಇಷ್ಟವೇ?" ಅಂತಲೂ ಕೇಳಿದ್ದೀರಿ. ಬೇಡ ಅಂತ ಬರೆದೆ. ಈ ವಯಸ್ಸಿನಲ್ಲಿ ತಿಳಿದುಕೊಂಡು ಯಾವ ಊರು ಆಳಬೇಕು?

ಅತ್ತಿಗೆಗೆ ಕೊಳವೆ ಕೊಟ್ಟೆ. ನಿನ್ನಪ್ಪ ಹೋದ ಮೇಲೆ ನಾವಿಬ್ಬರೂ ಹೀಗೇ. ಅವರು ಕೆಳಗೆ, ನಾನು ಮೇಲೆ, ಎರಡು ಒಲೆ, ನಡುವೆ ಹದಿನಾಲ್ಕು ಮೆಟ್ಟಿಲು. ಜಗಳವೇನಿಲ್ಲ. ನೀರು ಬಂತಾ, ಹಾಲು ಬಂತಾ ಅಂತ ಕೈಸನ್ನೆಯಲ್ಲಿ ಮುಗಿಯುತ್ತದೆ. ಪೊಟ್ಟಣ ಕೈಗಿಟ್ಟಾಗ ಅದನ್ನು ಬಿಚ್ಚಿ, ಫಾರಂ ತಿರುಗಿಸಿ ಮುರುಗಿಸಿ ನೋಡಿ, "ಜೊತೆಗೆ ಕಾಗದ ಇದ್ಯಾ?" ಅಂತ ತುಟಿಯಾಡಿಸಿ ಕೇಳಿದರು. ಇಲ್ಲ ಅಂದೆ.

ಅತ್ತೆ


ಜುಲೈ 8

ಅತ್ತೆ,

ಕೊಳವೆಗಳು ಸರಿಯಾಗಿ ತಲುಪಿದವು. ನಾಲ್ಕು ತಿಂಗಳು ಸುದ್ದಿಯೇ ಇಲ್ಲವೆಂದು ಬೇಸರಿಸಬೇಡಿ, ಈ ಕೆಲಸ ಇಷ್ಟೇ ನಿಧಾನ.

ನಮ್ಮ ಕುಟುಂಬದ ವಿಷಯದಲ್ಲಿ ಒಂದು ಸಂಗತಿ ಹೊರಬಿದ್ದಿದೆ. ಈ ಕಾಯಿಲೆಗೆ ನೂರಾರು ಸಣ್ಣ ಸಣ್ಣ ಕಾರಣಗಳು ಕೂಡಬೇಕು, ಒಂದೇ ಜೀನಿನ ಮೇಲೆ ಹೊರೆ ಹೊರಿಸುವ ಹಾಗಿಲ್ಲ. ಆದರೂ ಬೇರೆ ಐದು ಮನೆಗಳಲ್ಲಿ ಕಪ್ಪು ದುಂಡುಗಳ ಜೊತೆಜೊತೆಗೇ ಬರುತ್ತಿರುವ ಒಂದು ಅಪರೂಪದ ಬದಲಾವಣೆ ನನ್ನಲ್ಲೂ ಇದೆ. ಅಮ್ಮನಲ್ಲಿ ಇಲ್ಲ. ಫಲಿತಾಂಶ ಬೇಕು, ಮಗಳಿಗೂ ಹೇಳಬಹುದು ಅಂತ ಅಮ್ಮ ಬರೆದಿದ್ದರಿಂದ ಅವಳಿಗೆ ಪ್ರಯೋಗಾಲಯದಿಂದ ಮುದ್ರಿತ ಕಾಗದ ಹೋಗಿದೆ. ನಿಮ್ಮದು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ಇದರ ಅರ್ಥ ಬಿಡಿಸಿ ಹೇಳುತ್ತೇನೆ. ಅಮ್ಮನಿಂದ ಬರದಿದ್ದರೆ ಅದು ಬಂದದ್ದು ಅಪ್ಪನಿಂದ. ಗಂಡಸರಿಗೆ ಈ ನೋವು ಬರುವುದಿಲ್ಲ, ಆದರೆ ಅವರು ಸದ್ದಿಲ್ಲದೆ ಹೊತ್ತು ತಂದು ಮಗಳಿಗೆ ದಾಟಿಸಬಲ್ಲರು. ಅಪ್ಪನಿಗೆ ಅದು ಅವರ ತಂದೆಯಿಂದಲೋ ತಾಯಿಯಿಂದಲೋ ಬಂದಿರಬೇಕು. ಆ ಕಡೆ ಉಳಿದಿರುವ ಹೆಂಗಸು ನೀವೊಬ್ಬರೇ.

ಆಸ್ಪತ್ರೆಯ ಆ ಕೋಣೆ ನಿಮಗೆ ನೆನಪಿದೆಯೇ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಅಂತ ಡಾಕ್ಟರು ಕೇಳಿದಾಗ, "ನಮ್ಮ ಮನೇಲಿ ಯಾವ ಹೆಣ್ಣಿಗೂ ಇಂಥದ್ದಿಲ್ಲ, ಇದು ಅವರ ಕಡೆಯದು" ಅಂದವರು ನೀವು. ಅಪ್ಪ ಅದನ್ನೇ ಹಿಡಿದುಕೊಂಡರು. ಆಮೇಲೆ ನಾನು ನೋವಿನಿಂದ ಮಲಗಿದಾಗಲೆಲ್ಲ ಅಮ್ಮನ ಕಡೆ ತಿರುಗಿ, "ನಿನ್ನ ತವರಿನ ಬಳುವಳಿ ನೋಡು" ಅನ್ನುತ್ತಿದ್ದರು. ಅಮ್ಮ ಒಂದು ದಿನವೂ ಎದುರಾಡಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಆ ಸೊನ್ನೆ ನಿಜವೇ ಅತ್ತೆ?


ಜುಲೈ 15

ಕೂಸೇ,

ನೀನು ಬಹಳ ಓದಿದವಳು, ನಾನು ಏಳನೇ ಕ್ಲಾಸು. ಆದರೂ ಒಂದು ಹೇಳುತ್ತೇನೆ. ನಿನ್ನ ಕಾಗದ ಹಿಡಿದುಕೊಂಡು ನಮ್ಮ ಬೀದಿಯ ಔಷಧಿ ಅಂಗಡಿಯವರ ಮಗಳನ್ನು ಕೇಳಿದೆ. ಇಂಥ ಬದಲಾವಣೆ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟುವುದೂ ಉಂಟಂತೆ. ನಿನ್ನಲ್ಲಿ ಹಾಗೇ ಹುಟ್ಟಿದೆ ಅಂತ ಬರೆದುಕೋ. ಯಾರಿಗೂ ನೋವಿಲ್ಲ, ಎಲ್ಲರ ದುಂಡೂ ಬಿಳಿ.

ನಿನ್ನಪ್ಪ ಸತ್ತು ಆರು ವರ್ಷವಾಯಿತು. ಬಾಯಿಲ್ಲದವರ ಮೇಲೆ ಈಗ ಯಾಕೆ ಹೊರಿಸುವುದು? ಸೊನ್ನೆ ನಿಜವೋ ಅಂತ ಕೇಳಿದ್ದೀಯ. ಗಡಿಯಾರ ಸುಳ್ಳು ಹೇಳುತ್ತದೆಯೇ? ಹಾಜರಿ ಪುಸ್ತಕ ಸುಳ್ಳು ಹೇಳುತ್ತದೆಯೇ? ಒಂದು ದಿನ, ಒಂದೇ ಒಂದು ದಿನ ನಾನು ಕೆಲಸ ತಪ್ಪಿಸಿದ್ದು ತೋರಿಸಿದರೆ ನೀನು ಹೇಳಿದ ಹಾಗೆ ಕೇಳುತ್ತೇನೆ.

ಅತ್ತಿಗೆಗೆ ನಿಮ್ಮ ಮುದ್ರಿತ ಕಾಗದ ಬಂತು. ಬಾಗಿಲಲ್ಲೇ ನಿಂತು ಓದಿದರು. ನಾನು ಮೆಟ್ಟಿಲ ಮೇಲಿಂದ ನೋಡುತ್ತಿದ್ದೆ. ಓದಿ ಮಡಿಚಿ ಒಳಗೆ ಹೋದರು. ಏನೂ ಹೇಳಲಿಲ್ಲ. ಹೇಳಿದ್ದರೂ ನನಗೆ ಕೇಳಿಸುತ್ತಿರಲಿಲ್ಲ ಅನ್ನು.

ಈ ವಿಷಯ ಮತ್ತೆ ಬರೆಯಬೇಡ. ಚಳಿಗೆ ಸ್ವೆಟರ್ ಹೆಣೆಯುತ್ತಿದ್ದೇನೆ, ಅಳತೆ ಕಳಿಸು.

ಅತ್ತೆ


ಜುಲೈ 24

ಅತ್ತೆ,

ಅಳತೆ ಹಿಂದಿಗಿಂತ ಸಣ್ಣದಾಗಿದೆ. ಕಾರಣ ಬರೆಯುತ್ತೇನೆ, ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಜನವರಿಯಲ್ಲಿ ಎರಡನೇ ಆಪರೇಷನ್ ಆಯಿತು. "ಸಹಿ ಹಾಕೋಕೆ ಯಾರು ಬಂದಿದಾರೆ?" ಅಂತ ನರ್ಸ್ ಕೇಳಿದಳು. ನಾನೇ ಹಾಕಿದೆ. ಮನೆಗೆ ಬಂದು ಹನ್ನೊಂದು ದಿನ ಮಲಗಿದ್ದೆ. ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಂದ ಇಳಿಯಲೇ ಇಲ್ಲ. ಅದಕ್ಕೂ ಹಿಂದಿನ ವರ್ಷವಿಡೀ ಹಾಗೇ ಇತ್ತು.

ಮೊನ್ನೆ ಸ್ನಾನ ಮಾಡುವಾಗ ನೋಡಿಕೊಂಡೆ. ಹೊಕ್ಕುಳ ಕೆಳಗೆ ಚರ್ಮದ ಮೇಲೆ ಕಂದು ಬಣ್ಣದ ಗೆರೆಗಳು, ಬಲೆ ಹರಡಿದ ಹಾಗೆ. ಡಾಕ್ಟರಿಗೆ ತೋರಿಸಿದೆ. ಭಯ ಬೇಡ, ಬಿಸಿಯನ್ನು ತಿಂಗಳುಗಟ್ಟಲೆ ಒಂದೇ ಜಾಗಕ್ಕೆ ಒತ್ತಿಕೊಂಡವರಿಗೆ ಹೀಗಾಗುತ್ತದೆ ಅಂದರು.

ಈ ಬಲೆಯನ್ನು ನಾನು ಮೊದಲೇ ಕಂಡಿದ್ದೆ ಅತ್ತೆ. ನನಗೆ ಆರೋ ಏಳೋ ವರ್ಷ. ನೀವು ಬಟ್ಟೆ ಬದಲಿಸುತ್ತಿದ್ದಿರಿ, ನಾನು ಬಾಗಿಲು ತಳ್ಳಿಕೊಂಡು ಬಂದೆ. ನಿಮ್ಮ ಹೊಟ್ಟೆಯ ಮೇಲೆ ಇದೇ ಜಾಗದಲ್ಲಿ ಇದೇ ಬಲೆ ಇತ್ತು, ನನ್ನದಕ್ಕಿಂತ ಕಪ್ಪು. "ಇದೇನತ್ತೆ?" ಅಂದೆ. "ಇಸ್ತ್ರಿ ಹಬೆ ಬಡಿದಿದ್ದು ಕಣೆ" ಅಂದಿರಿ. ಹಬೆ ಕೈಗೆ ಬಡಿಯುತ್ತದೆ, ಮುಖಕ್ಕೆ ಬಡಿಯುತ್ತದೆ. ಬಟ್ಟೆಯೊಳಗೆ ಹೊಕ್ಕುಳ ಕೆಳಗೆ ಹೋಗಿ ಬಡಿಯುವ ಹಬೆ ಯಾವುದು?

ನಿಮ್ಮ ಸೊನ್ನೆ ಸುಳ್ಳಲ್ಲ, ಒಪ್ಪಿದೆ. ತಪ್ಪು ನಮ್ಮ ಪ್ರಶ್ನೆಯಲ್ಲಿತ್ತು. ಎಷ್ಟು ದಿನ ಹೋಗಲಿಲ್ಲ ಅಂತ ಕೇಳಿದೆವು, ಎಷ್ಟು ದಿನ ಹೇಗೆ ಹೋದಿರಿ ಅಂತ ಕೇಳಲಿಲ್ಲ. ಇನ್ನೊಂದು ಫಾರಂ ಇಟ್ಟಿದ್ದೇನೆ. ಈ ಸಲ ಆ ಬಿಟ್ಟ ಪುಟವನ್ನೂ ತುಂಬಿ.


ಆಗಸ್ಟ್ 2

ಕೂಸೇ,

ಕಾಗದ ತಲುಪಿತು. ಇಲ್ಲಿ ನೀರಿನ ಪೈಪು ಒಡೆದಿದೆ. ರಿಪೇರಿಯವನು ಬಂದಿದ್ದಾನೆ, ಮನೆಯೆಲ್ಲಾ ಕೆಸರು. ಆಮೇಲೆ ಬರೆಯುತ್ತೇನೆ. ಊಟ ಬಿಡಬೇಡ.

ಅತ್ತೆ


ಸೆಪ್ಟೆಂಬರ್ 12

ಅತ್ತೆ,

ಒಂದು ಪೈಪಿಗೆ ಆರು ವಾರ ಬೇಕೇ?

ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಾನು ಅಪ್ಪನ ಹೆಸರೆತ್ತಿದರೆ ನೀವು ಗಡಿಯಾರ ತೋರಿಸಿದಿರಿ, ಬಲೆಯ ಮಾತೆತ್ತಿದರೆ ಕೆಸರು ತೋರಿಸಿದಿರಿ. ನಮ್ಮ ಕುಟುಂಬವನ್ನು ಲೆಕ್ಕದಿಂದ ಬಿಡೋಣ ಅಂತ ಮೇಡಂ ಅಂದಿದ್ದಾರೆ. ನಕ್ಷೆ ಹೊಂದುತ್ತಿಲ್ಲವಂತೆ. ಯಾಕೆ ಅಂತ ಅವರು ಹೇಳಲಿಲ್ಲ, ನಾನು ಕೇಳುವ ಹಾಗೂ ಇಲ್ಲ. ಬಿಟ್ಟರೆ ಬಿಡಲಿ, ಅರವತ್ತು ಮನೆಗಳು ಉಳಿಯುತ್ತವೆ. ನನಗೆ ಬೇಕಾದದ್ದು ಅದಲ್ಲ.

ಹದಿನೇಳು ವರ್ಷ ಒಬ್ಬ ಹೆಂಗಸು ತನ್ನದಲ್ಲದ ತಪ್ಪನ್ನು ಹೊತ್ತಿದ್ದಾಳೆ. ಮಗಳಿಗೆ ಸರಿಯಾಗಿ ಉಣಿಸಲಿಲ್ಲ ಅಂದರು, ಓದಿಸಿ ಓದಿಸಿ ಕೆಡಿಸಿದೆ ಅಂದರು, ರಕ್ತವೇ ಸರಿಯಿಲ್ಲ ಅಂದರು. ನೀವು ಅದೇ ಮನೆಯಲ್ಲಿ ಅವಳ ತಲೆಯ ಮೇಲೆ ನಡೆದಾಡಿಕೊಂಡು ಸುಮ್ಮನಿದ್ದಿರಿ. ಮೆಟ್ಟಿಲು ಹದಿನಾಲ್ಕೇ ಅಲ್ಲವೇ? ಇಳಿದು ಹೋಗಿ ಹೇಳಿ.

ನನ್ನ ಕೋಣೆಗೆ ಒಂದೇ ಕಿಟಕಿ, ಅದರ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಹೋದ ಭಾನುವಾರ ಸಂಜೆ ಅಂಗಡಿಯಲ್ಲಿ "ಒಂದು ಬ್ರೆಡ್" ಅಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಶುಕ್ರವಾರ ಆಫೀಸು ಬಿಟ್ಟ ಮೇಲೆ ಅದೇ ಮೊದಲ ಮಾತು. ಈ ಕಾಯಿಲೆಯಲ್ಲಿ ನೋವಿಗಿಂತ ಇದು ಕಷ್ಟ, ಹೇಳಿಕೊಳ್ಳಲು ಯಾರೂ ಇಲ್ಲದ್ದು. ನೀವು ಅಲ್ಲಿ ಒಬ್ಬರೇ ಇದನ್ನೇ ಅನುಭವಿಸಿದ್ದರೆ, ನನಗೆ ಹದಿನೇಳಾಗಿದ್ದಾಗಲೇ ನಾವು ಇಬ್ಬರಾಗಬಹುದಿತ್ತು.


ಅಕ್ಟೋಬರ್ 4

ಕೂಸೇ,

ಫಾರಂ ತುಂಬಿ ಇಟ್ಟಿದ್ದೇನೆ. ಬಿಟ್ಟ ಪುಟವನ್ನೂ ತುಂಬಿದೆ. ಜಾಗ ಸಾಲದೆ ಅಂಚಿನಲ್ಲೆಲ್ಲ ಬರೆದಿದ್ದೇನೆ, ನಿಮ್ಮ ಮೇಡಂ ಬೈದುಕೊಳ್ಳದಿರಲಿ.

ಹದಿನಾಲ್ಕಕ್ಕೆ ಶುರುವಾಯಿತು. ಮೊದಲ ಸಲ ನೆಲದ ಮೇಲೆ ಹೊರಳಾಡಿದಾಗ ನಮ್ಮಮ್ಮ ಬಾಗಿಲು ಹಾಕಿ, "ಹೊರಗೆ ಬಾಯಿ ಬಿಟ್ಟೀಯ, ನಿನ್ನನ್ನ ಯಾರೂ ಮಾಡ್ಕೊಳ್ಳಲ್ಲ" ಅಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಒಂದು ಸುಳ್ಳು ಹೇಳಿದೆ, ಮದುವೆಯೂ ಆಗಲಿಲ್ಲ.

ಗಾರ್ಮೆಂಟ್ಸಿಗೆ ಸೇರಿದಾಗ ಎಲ್ಲರೂ ಬಿಸಿಗೆ ಹೆದರಿ ಹೊಲಿಗೆ ವಿಭಾಗ ಕೇಳುತ್ತಿದ್ದರು. ನಾನು ಕೇಳಿ ಇಸ್ತ್ರಿಗೆ ಹೋದೆ. ಯಾಕೆ ಗೊತ್ತೇ? ಆಗಷ್ಟೇ ಇಸ್ತ್ರಿಯಾದ ಅಂಗಿಗಳನ್ನು ಹತ್ತಾರು ಮಡಿಚಿ ಪೇರಿಸಿ, ಹೊಟ್ಟೆಗೆ ಅವುಚಿಕೊಂಡು ಪ್ಯಾಕಿಂಗ್ ತನಕ ನಡೆಯಬೇಕು. ಅಷ್ಟು ದೂರ ನನಗೆ ನೋವಿರುತ್ತಿರಲಿಲ್ಲ. ನೋಡಿದವರಿಗೆ ಕೆಲಸದ ಹಾಗೇ ಕಾಣುತ್ತಿತ್ತು. ಬೇರೆಯವರ ರಾಶಿಯನ್ನೂ ನಾನೇ ಹೊರುತ್ತಿದ್ದೆ, ಎಂಥ ಒಳ್ಳೆಯವಳು ಅಂದರು. ನೋವು ಹೆಚ್ಚಾದ ದಿನ ಇಸ್ತ್ರಿ ಪೆಟ್ಟಿಗೆಗೇ ಬಟ್ಟೆ ಸುತ್ತಿ ಒತ್ತಿಕೊಂಡದ್ದುಂಟು. ಬಲೆ ಬಂದದ್ದು ಹಾಗೆ. ನೀನು ಆರು ವರ್ಷದವಳು ನೋಡಿ ಮರೆತೆ ಅಂದುಕೊಂಡಿದ್ದೆ.

ಆಸ್ಪತ್ರೆಯ ಕೋಣೆ ನನಗೆ ಮರೆತಿಲ್ಲ. ಡಾಕ್ಟರು ಕೇಳಿದ ತಕ್ಷಣ ಅತ್ತಿಗೆ ನನ್ನ ಕಡೆ ನೋಡಿದರು. ಯಾಕೆ ನೋಡಿದರೋ ಇವತ್ತಿಗೂ ತಿಳಿಯದು. ಅವರು ಬಾಯಿ ತೆರೆಯುವ ಮೊದಲೇ ನಾನು ತೆರೆದೆ. ಅಷ್ಟು ವರ್ಷ ಕಬ್ಬಿಣ ಅನ್ನಿಸಿಕೊಂಡವಳು, ಒಂದು ಪ್ರಶ್ನೆಗೆ ಹೆದರಿ ಎದುರಿಗಿದ್ದವರ ತಲೆಗೆ ಕಟ್ಟಿದೆ. ಆಮೇಲೆ ಅಣ್ಣ ಅದೇ ಮಾತನ್ನು ಊದುತ್ತಾ ಹೋದಾಗ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವನು ಅದನ್ನೇ ನಂಬಿಕೊಂಡು ಹೋದ.

ಹೋದ ಭಾನುವಾರ ಬೆಳಿಗ್ಗೆ ಕೆಳಗೆ ಹೋದೆ. ಅತ್ತಿಗೆ ಬೀನ್ಸ್ ಹೆಚ್ಚುತ್ತಿದ್ದರು. ಕೂರಲಿಲ್ಲ, ಕೂತರೆ ಹೇಳಲಾರೆ ಅನ್ನಿಸಿತು. "ಅತ್ತಿಗೆ, ಆ ಕಾಯಿಲೆ ನನಗೂ ಇತ್ತು. ಅದು ನಮ್ಮ ಕಡೆಯಿಂದಲೇ ಬಂದಿದ್ದು. ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ" ಅಂದೆ. ನನ್ನ ದನಿ ಎಷ್ಟು ದೊಡ್ಡದಿತ್ತೋ ನನಗೆ ಗೊತ್ತಾಗುವುದಿಲ್ಲವಲ್ಲ, ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಕಿವುಡಿ ಗುಟ್ಟಾಗಿ ತಪ್ಪೊಪ್ಪಿಕೊಳ್ಳುವುದು ಸಾಧ್ಯವೇ ಇಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಬೀದಿಗೂ ಗೊತ್ತಾಗಲಿ.

ಅತ್ತಿಗೆ ಚಾಕು ಕೆಳಗಿಟ್ಟರು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಏನೋ ಹೇಳಿದರು, ತುಟಿ ನಡುಗುತ್ತಿದ್ದರಿಂದ ನನಗೆ ತಿಳಿಯಲಿಲ್ಲ. ಆಗ ಎದ್ದು ಹೋಗಿ, ನಿಮ್ಮ ಪ್ರಯೋಗಾಲಯದ ಆ ಮುದ್ರಿತ ಕಾಗದ ತಂದು, ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದು ನನ್ನ ಕೈಗಿಟ್ಟರು. ಓದಿ ಮೇಲೆ ಬಂದೆ. ಎರಡು ದಿನ ಏನೂ ಬೇಯಿಸಲಿಲ್ಲ. ಮೂರನೇ ದಿನ ನೀನು ಬರೆದ ಕಾಗದಗಳನ್ನೆಲ್ಲ ಹರಡಿಕೊಂಡು ಮತ್ತೆ ಓದಿದೆ. ನಾನು ಅಂದದ್ದು ಅದರಲ್ಲಿದೆ, ನಿನ್ನಪ್ಪ ಅಂದದ್ದು ಇದೆ. ಮೂರನೆಯವಳ ಮಾತು ಮಾತ್ರ ಇಲ್ಲ.

ಆ ಕಾಗದವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅದು ನನಗೆ ಬರೆದದ್ದಾದರೂ ನನ್ನ ಹತ್ತಿರ ಇರಬೇಕಾದದ್ದಲ್ಲ ಅನ್ನಿಸಿತು. ಆಪರೇಷನ್ನಿನ ವಿಷಯ ಅವರಿಗೆ ನಾನು ಹೇಳಿಲ್ಲ. ಅದು ನೀನು ಹೇಳಬೇಕಾದದ್ದು.

ಅತ್ತೆ

*(ಜೊತೆಗಿದ್ದ ಕಾಗದದ ಹಿಂಬದಿ, ಪೆನ್ಸಿಲಿನಲ್ಲಿ)*

ಆ ಮಾತು ನನಗೆ ಅಂದವರು ಮೂರು ಜನ. ಒಬ್ಬರು ಹೋದರು. ಒಬ್ಬಳು ಇವತ್ತು ಮೆಟ್ಟಿಲು ಇಳಿದು ಬಂದಳು. ಇನ್ನೊಬ್ಬಳು ಕೊಳವೆ ಕಳಿಸಿದಳು.


ಅಕ್ಟೋಬರ್ 13

ಅತ್ತೆ,

ನಿಮ್ಮ ಫಾರಮನ್ನು ಮೇಡಂ ಅಂಚಿನ ಬರಹದ ಸಮೇತ ಎರಡು ಸಲ ಓದಿದರು. ಆಪರೇಷನ್ ಮಾಡಿ ನೋಡಿದ ದಾಖಲೆ ಇಲ್ಲದ್ದರಿಂದ ನಿಮ್ಮ ದುಂಡಿಗೆ ಪೂರ್ತಿ ಕಪ್ಪು ತುಂಬಲಾಗುವುದಿಲ್ಲ, ಅರ್ಧ ತುಂಬಿದ್ದಾರೆ. ಆದರೆ ಮುಂದಿನ ಮನೆಗಳಿಗೆ ಹೋಗುವ ಫಾರಮಿನಲ್ಲಿ ಪ್ರಶ್ನೆ ಬದಲಾಗಿದೆ. "ನೋವಿದ್ದರೂ ಕೆಲಸಕ್ಕೆ ಹೋದ ದಿನಗಳು ಎಷ್ಟು?" ಅಂತ. ಅದು ನಿಮ್ಮಿಂದ ಆದದ್ದು.

ಅಮ್ಮನ ಅಕ್ಷರ ನೋಡಿ ಒಂಬತ್ತು ವರ್ಷವಾಗಿತ್ತು.

ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ನಾನು ಈ ಊರಿಗೆ ಹೊರಟ ದಿನ ಅಮ್ಮ ಬಸ್ಸಿನ ಕಿಟಕಿಯ ಹತ್ತಿರ ನಿಂತು ಮಾತ್ರೆಗಳನ್ನು ಎಣಿಸಿ ಎಣಿಸಿ ಕೊಡುತ್ತಿದ್ದಳು. ಆಗ ನಾನು ಅಂದೆ: "ನಿನ್ನಲ್ಲೇ ಮುಗೀಬೇಕಿತ್ತು ಇದು. ನೀನು ನನ್ನನ್ನ ಹೆರಬಾರದಿತ್ತು." ಬಸ್ಸು ಹೊರಟಿತು. ಆಮೇಲೆ ನಾನು ಅವಳಿಗೆ ಒಂದು ಸಾಲೂ ಬರೆಯಲಿಲ್ಲ. ಫೋನು ಮಾಡಿದರೆ ಹವೆ ಹೇಗಿದೆ ಅಂತ ಕೇಳಿ ಇಡುತ್ತಿದ್ದೆ. ಇಷ್ಟು ಮನೆಗಳ ಉಗುಳು ತರಿಸಿ ಹುಡುಕಿದ್ದು ಕಾಯಿಲೆಯ ಕಾರಣವನ್ನು ಅಂತ ಎಲ್ಲರಿಗೂ ಹೇಳಿದೆ. ನಿಜವಾಗಿ ಹುಡುಕುತ್ತಿದ್ದದ್ದು ಆ ಮಾತಿಗೆ ನನಗಿಂತ ದೊಡ್ಡ ತಪ್ಪಿತಸ್ಥರನ್ನು. ಸಿಕ್ಕಿದಿರಿ. ನಿಮ್ಮನ್ನು ಬೈದು ಬರೆದ ದಿನ ನನಗೆ ಎಷ್ಟು ಹಗುರವಾಗಿತ್ತು ಗೊತ್ತೇ ಅತ್ತೆ? ಅದಕ್ಕೆ ಕ್ಷಮಿಸಿ.

ಹತ್ತು ದಿನ ರಜೆ ಹಾಕಿದ್ದೇನೆ. ಶುಕ್ರವಾರ ಮಧ್ಯಾಹ್ನ ಬರುತ್ತೇನೆ. ಅಮ್ಮನಿಗೆ ಮೊದಲೇ ಹೇಳಬೇಡಿ. ಹೇಳಿದರೆ ಬಾಗಿಲು ತೆರೆದಿಟ್ಟು, ಅಡುಗೆ ಮಾಡಿಟ್ಟು, ಏನೂ ಆಗೇ ಇಲ್ಲವೆಂಬಂತೆ "ಕೈ ತೊಳ್ಕೊ ಬಾ" ಅಂದುಬಿಡುತ್ತಾಳೆ. ನಾನೂ ಸುಮ್ಮನೆ ಉಂಡು ಎದ್ದುಬಿಡುತ್ತೇನೆ. ಬಾಗಿಲು ಮುಚ್ಚಿರಲಿ. ನಾನೇ ತಟ್ಟುತ್ತೇನೆ.

ನಿಮ್ಮ ಸೊಸೆ